ಅಳತೆ ಪುಸ್ತಕದ ಚುಕ್ಕೆ

ನನ್ನ ಅಂಗಡಿಗೆ ಗಡಿಯಾರ ಬೇಕಿರಲಿಲ್ಲ. ರಸ್ತೆಯ ಆಚೆ ಬದಿಗೇ ಬಸ್ ನಿಲ್ದಾಣ. ಅಲ್ಲಿನ ಮೈಕಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಸ್ಸುಗಳ ಹೊತ್ತು ಕೂಗಿ ಹೇಳುತ್ತಿದ್ದವಳು ನನ್ನ ಹೆಂಡತಿ. ಅವಳು ಮೊದಲ ಸಲ "ಪ್ರಯಾಣಿಕರ ಗಮನಕ್ಕೆ" ಅಂದರೆ ನಾನು ಬಾಗಿಲು ತೆಗೆದು ಮಿಷಿನ್ನಿಗೆ ಎಣ್ಣೆ ಬಿಡುವ ಹೊತ್ತು. ಮೂರನೇ ಪ್ಲಾಟ್‌ಫಾರ್ಮಿನ ಮಧ್ಯಾಹ್ನದ ಬಸ್ಸು ಹೊರಟಿತೆಂದರೆ ಊಟದ ಹೊತ್ತು. "ಹೊರಡಲಿದೆ" ಅನ್ನುವ ಮಾತಿನ ಕೊನೆಯನ್ನು ಅವಳು ಸ್ವಲ್ಪ ಎತ್ತಿ ಬಿಡುತ್ತಿದ್ದಳು. ಅದನ್ನು ಕೇಳಿ ಓಡುವ ಜನರನ್ನು ನೋಡುತ್ತಾ ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.

"ಮನೇಲೂ ಅವರದೇ ದನಿ, ಅಂಗಡೀಲೂ ಅವರದೇ ದನಿ. ನಿಮಗೆ ಬಿಡುಗಡೇನೇ ಇಲ್ವಲ್ಲ" ಎಂದು ಗಿರಾಕಿಗಳು ಛೇಡಿಸುತ್ತಿದ್ದರು.

"ಇಲ್ಲಿ ಬರೀ ಬಸ್ಸು ಹೊರಡಿಸ್ತಾಳೆ. ಮನೇಲಿ ನನ್ನನ್ನೇ ಹೊರಡಿಸ್ತಾಳೆ" ಎಂದು ನಾನೂ ಹೇಳುತ್ತಿದ್ದೆ. ಹಾಗೆ ಹೇಳುವಾಗ ಒಳಗೊಳಗೇ ಹೆಮ್ಮೆ ಇರುತ್ತಿತ್ತು. ಊರಿನ ಅರ್ಧ ಜನ ಅವಳ ಮಾತು ಕೇಳಿ ನಡೆಯುತ್ತಿದ್ದರು, ನಾನೊಬ್ಬನೇ ಅಲ್ಲ.

ಈ ಅಂಗಡಿ ಅಪ್ಪನ ಕಾಲದ್ದು. ಅಳತೆ ಪುಸ್ತಕವೂ ಅವನ ಕಾಲದ ಪದ್ಧತಿಯದೇ. ಗಿರಾಕಿಯ ಹೆಸರಿಗಿಂತ ಕಸುಬು ಬರೆದುಕೊಳ್ಳುವುದು ನಮಗೆ ರೂಢಿ. ಬೇಕರಿಯವರು, ಲೆಕ್ಕದ ಮೇಷ್ಟ್ರು, ಉದ್ದ ಕಂಡಕ್ಟರ್. ನನ್ನ ಹೆಂಡತಿಯ ಪುಟದ ಮೇಲೆ "ಮನೆ" ಎಂದಿದೆ. ಅಳತೆ ತೆಗೆಯುವವನು ಕೂಗಬೇಕು, ಇನ್ನೊಬ್ಬರು ಬರೆಯಬೇಕು. ಆದರೆ ಕೂಗಬಾರದ ಸಂಗತಿಗಳೂ ಇರುತ್ತವಲ್ಲ? ಒಬ್ಬನ ಎಡ ಭುಜ ಇಳಿದಿರುತ್ತದೆ, ಇನ್ನೊಬ್ಬನ ಬೆನ್ನು ಸ್ವಲ್ಪ ಗೂನು. ಅಂಥ ಕಡೆ ಅಪ್ಪ ಅಳತೆ ಕೂಗಿ ಸಣ್ಣಗೆ ಒಮ್ಮೆ ಕೆಮ್ಮುತ್ತಿದ್ದ. ಬರೆಯುವವರು ಆ ಅಂಕಿಯ ಪಕ್ಕದಲ್ಲಿ ಒಂದು ಚುಕ್ಕೆ ಇಡಬೇಕು. ಚುಕ್ಕೆ ಇದ್ದರೆ ಇಲ್ಲೊಂದು ಐಬಿದೆ, ಕಾಣದ ಹಾಗೆ ಮುಚ್ಚಿ ಹೊಲಿ ಎಂದು ಅರ್ಥ. ಭುಜ ಇಳಿದಿದ್ದರೆ ಒಳಗೊಂದು ಪಟ್ಟಿ, ಗೂನಿದ್ದರೆ ಬೆನ್ನಿಗೆ ಒಂದು ಮಡಿಕೆ. "ಗಿರಾಕಿಯ ಐಬು ಗಿರಾಕಿಗೆ ಹೇಳಬೇಡ, ಬಟ್ಟೆಗೆ ಹೇಳು" ಅನ್ನುವುದು ಅಪ್ಪನ ಮಾತು. ಈ ಒಂದು ಮಾತಿನಿಂದ ನಮ್ಮ ಅಂಗಡಿಗೆ ಒಳ್ಳೆಯ ಹೆಸರು ಬಂತು. ಇದೇ ಮಾತು ನನ್ನ ಸಂಸಾರದ ಕುತ್ತಿಗೆಗೂ ಬಂತು.

ಮದುವೆಯಾದ ಹೊಸದರಲ್ಲಿ ಪುಸ್ತಕ ಬರೆಯುತ್ತಿದ್ದವಳು ನನ್ನ ಹೆಂಡತಿಯೇ. ಮೊದಲ ದಿನ ಮಾವ ಕೆಮ್ಮಿದ್ದು ಕೇಳಿ ಲಗುಬಗೆಯಿಂದ ನೀರು ತಂದುಕೊಟ್ಟಿದ್ದಳು. ಅಪ್ಪ ಗಿರಾಕಿಯ ಮುಂದೆ ಏನೂ ಹೇಳಲಾಗದೆ ಆ ನೀರು ಕುಡಿದ. ಇನ್ನೂ ನಾಲ್ಕು ಸಲ ಕೆಮ್ಮಿದ, ಇನ್ನೂ ನಾಲ್ಕು ಲೋಟ ಬಂತು. ಆಮೇಲೆ ಗುಟ್ಟು ಹೇಳಿಕೊಟ್ಟ ಮೇಲೆ ಅವಳು ನಕ್ಕ ನಗು ನನಗೆ ಇನ್ನೂ ನೆನಪಿದೆ. ಬಸ್ ನಿಲ್ದಾಣದ ಕೆಲಸ ಸಿಕ್ಕ ಮೇಲೆ ಅವಳು ಪುಸ್ತಕ ಬಿಟ್ಟಳು. ಅಪ್ಪನೂ ಹೋದ. ಅಂದಿನಿಂದ ಅಳೆಯುವವನೂ ನಾನೇ, ಬರೆಯುವವನೂ ನಾನೇ.

ಅವಳ ಸಮವಸ್ತ್ರಕ್ಕೆ ಗಂಟಲ ತನಕ ಗುಂಡಿ ಹಾಕುವ ಕಾಲರ್ ಇದೆ. ಹೊಲಿಯುವವನು ನಾನೇ ಅಲ್ಲವೇ. ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಹೊಸ ಜೊತೆ ಬಟ್ಟೆಗೆ ಕುತ್ತಿಗೆಯ ಅಳತೆ ತೆಗೆಯುವಾಗ ಟೇಪಿನ ಕೆಳಗೆ, ಎಡಗಡೆ, ಏನೋ ಬೆರಳಿಗೆ ತಾಗಿತು. ಮೂಳೆಯಲ್ಲ. ಬಟಾಣಿಗಿಂತ ದೊಡ್ಡದು, ಅವಳು ಉಗುಳು ನುಂಗಿದರೆ ಮೇಲೆ ಹೋಗಿ ಕೆಳಗೆ ಬಂತು. ಹದಿಮೂರು ಇಂಚು ಇದ್ದ ಕುತ್ತಿಗೆ ಹದಿಮೂರೂಕಾಲು ಆಗಿತ್ತು.

"ಎಷ್ಟು?" ಎಂದಳು.

"ಹದಿಮೂರೂಕಾಲು. ದಪ್ಪ ಆಗ್ತಿದೀಯ" ಎಂದೆ.

"ನಿಮ್ಮ ಕೈ ಅಡುಗೆ ತಿಂದಿದ್ರೆ ಸಣ್ಣ ಆಗಿರ್ತಿದ್ದೆ ಬಿಡಿ" ಎಂದು ನಕ್ಕು ಡ್ಯೂಟಿಗೆ ಹೋದಳು. ನಾನು ಅಂಕಿ ಬರೆದು ಪಕ್ಕದಲ್ಲಿ ಚುಕ್ಕೆ ಇಟ್ಟೆ. ಕಾಲರನ್ನು ಕಾಲು ಇಂಚು ಸಡಿಲ ಬಿಟ್ಟು, ಎಡಗಡೆ ಒಳಪಟ್ಟಿ ಕೊಟ್ಟು, ಚೆನ್ನಾಗಿ ನಿಲ್ಲುವ ಹಾಗೆ ಹೊಲಿದೆ. ಹೇಳಬೇಕಿತ್ತು, ಹೇಳಲಿಲ್ಲ. ಅಪ್ಪನ ಪಾಠ ಎಂದು ಈಗ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಹೆದರಿದೆ. ಹೇಳಿದರೆ ಆಸ್ಪತ್ರೆ, ಆಸ್ಪತ್ರೆ ಅಂದರೆ ಏನೇನೋ. ಬಾಯಿ ಬಿಡದಿದ್ದರೆ ತಾನಾಗೇ ಕರಗಿ ಹೋದೀತು ಎಂದುಕೊಂಡೆ. ಅದು ಕರಗಲಿಲ್ಲ, ನಾನು ಮಾತ್ರ ಸಡಿಲ ಬಿಡುತ್ತಾ ಹೋದೆ.

ಈ ವರ್ಷ ಮಗಳು ತನ್ನ ಕೂಸನ್ನು ಕರೆದುಕೊಂಡು ಬಂದಾಗ ಅದು ಬಯಲಾಯಿತು. ಡ್ಯೂಟಿ ಮುಗಿಸಿ ಬಂದ ಅಜ್ಜಿಯ ಮಡಿಲೇರಿದ ಕೂಸು ಕಾಲರಿಗೆ ಕೈ ಹಾಕಿ ಎಳೆಯಿತು. ಮೇಲಿನ ಗುಂಡಿ ಕಿತ್ತು ನೆಲಕ್ಕೆ ಬಿತ್ತು. ನಾನು ಗುಂಡಿ ಹುಡುಕಲು ಬಗ್ಗಿದೆ. ಮಗಳು ಗುಂಡಿ ನೋಡಲಿಲ್ಲ.

"ಅಮ್ಮಾ, ಕುತ್ತಿಗೇಲಿ ಇದೇನು?"

"ಯಾವುದು?" ಎಂದು ಅವಳು ಕೈ ಆಡಿಸಿ ನೋಡಿಕೊಂಡಳು. ಕನ್ನಡಿಯ ಮುಂದೆ ಹೋಗಿ ನಿಂತು ಗಲ್ಲ ಎತ್ತಿದಳು.

"ಅಪ್ಪಾ, ದಿನಾ ಟೇಪ್ ಹಿಡಿಯೋನು ನೀನು. ಅಮ್ಮನಿಗೆ ಬಟ್ಟೆ ಹೊಲಿಯೋನೂ ನೀನೇ. ನಿನ್ನ ಕಣ್ಣಿಗೆ ಬಿದ್ದೇ ಇಲ್ವಾ?"

"ಇಲ್ಲ" ಎಂದೆ. ಗುಂಡಿ ಕೈಯಲ್ಲಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಅಂಗೈಗೆ ಬೇಡ. ತನ್ನ ಕುತ್ತಿಗೆ ಮಾತ್ರ ತನಗೆ ಕಾಣುವುದಿಲ್ಲ, ಇನ್ನೊಬ್ಬರು ನೋಡಿ ಹೇಳಬೇಕು. ಆ ಇನ್ನೊಬ್ಬ ನಾನಾಗಿದ್ದೆ.

ಆಸ್ಪತ್ರೆಯಲ್ಲಿ ಕುತ್ತಿಗೆಯ ಡಾಕ್ಟರು ಒಬ್ಬ ಹೆಂಗಸು, ಮಾತು ಕಡಿಮೆ. ನನ್ನ ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ನೀರಿನ ಲೋಟ ಕೊಟ್ಟು, ತಾವು ಹಿಂದೆ ನಿಂತರು. ಎರಡೂ ಕೈಯ ಬೆರಳುಗಳನ್ನು ಕುತ್ತಿಗೆಯ ಮುಂಭಾಗಕ್ಕೆ ಇಟ್ಟು "ಒಂದು ಗುಟುಕು ನುಂಗಿ" ಎಂದರು. ನುಂಗಿದಾಗ ಗಂಟು ಮೇಲೆ ಹೋಗಿ ಕೆಳಗೆ ಬಂತು. ಅವರ ಬೆರಳುಗಳು ನಿಂತ ಜಾಗ ನೋಡಿ ನನ್ನ ಬೆರಳಿನ ತುದಿಗೆ ಜೋಮು ಬಂದಂತಾಯಿತು.

"ಥೈರಾಯ್ಡ್ ಗ್ರಂಥೀಲಿ ಎದ್ದಿರೋ ಗಂಟು ಇದು. ಎಷ್ಟು ದಿನದಿಂದ ಇದೆ?"

"ನನಗೆ ಗೊತ್ತಾಗಿದ್ದು ಮೊನ್ನೆ" ಎಂದಳು ನನ್ನವಳು. "ಒಂದೆರಡು ತಿಂಗಳಿಂದ ಇರಬಹುದೇನೋ. ಕಾಲರ್ ಯಾವತ್ತೂ ಬಿಗಿ ಅನ್ನಿಸ್ಲಿಲ್ಲ ಡಾಕ್ಟ್ರೇ. ಬಿಗಿ ಆಗಿದ್ರೆ ಗೊತ್ತಾಗಿರೋದು."

ಡಾಕ್ಟರು ಬರೆದುಕೊಂಡರು. ನಾನು ಪಕ್ಕದಲ್ಲೇ ಕೂತು ತುಟಿ ಪಿಟಕ್ ಎನ್ನಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸ್ಕ್ಯಾನ್ ಆಯಿತು. ಸೂಜಿ ಚುಚ್ಚಿ ಗಂಟಿನಿಂದ ಒಂದಿಷ್ಟು ಎಳೆದು ಪರೀಕ್ಷೆಗೆ ಕಳಿಸಿದರು. ಸೂಜಿ ಚುಚ್ಚುವಾಗ ನುಂಗಬಾರದು, ಮಾತಾಡಬಾರದು ಎಂದರಂತೆ. "ಮಾತಾಡ್ಬೇಡಿ ಅಂದ ತಕ್ಷಣ ನನಗೆ ಮೂರನೇ ಪ್ಲಾಟ್‌ಫಾರ್ಮಿನ ಬಸ್ಸು ನೆನಪಾಯ್ತು ರೀ" ಎಂದು ಹೊರಗೆ ಬಂದು ಹೇಳಿದಳು. ಹತ್ತಿ ಅಂಟಿಸಿದ ಕುತ್ತಿಗೆ ಹಿಡಿದುಕೊಂಡು ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು.

ವಾರ ಕಳೆದು ಫಲಿತಾಂಶಕ್ಕೆ ಹೋಗಬೇಕಿತ್ತು. ಹಿಂದಿನ ದಿನ ಅಂಗಡಿಯಲ್ಲಿ ಪುಸ್ತಕ ತೆಗೆದೆ. "ಮನೆ" ಪುಟ. ಫೆಬ್ರವರಿಯ ಹದಿಮೂರೂಕಾಲು, ಪಕ್ಕದಲ್ಲಿ ಚುಕ್ಕೆ. ಅಲ್ಲಿಂದ ಎರಡು ವರ್ಷದಲ್ಲಿ ಹದಿಮೂರೂವರೆ. ಆಮೇಲೆ ಈ ಐದೇ ತಿಂಗಳಲ್ಲಿ ಹದಿನಾಲ್ಕೂಕಾಲು. ಎಲ್ಲವೂ ತಾರೀಕು ಸಮೇತ ನನ್ನ ಕೈಬರಹದಲ್ಲೇ ಇದ್ದವು. ಪ್ರತಿ ಅಂಕಿಯ ಪಕ್ಕದಲ್ಲೂ ಚುಕ್ಕೆ, ಒಂದಕ್ಕಿಂತ ಒಂದು ಒತ್ತಿ ಇಟ್ಟದ್ದು. ಎದುರಿನ ಮೈಕಿನಲ್ಲಿ ಅವಳು ಸಂಜೆಯ ಬಸ್ಸು ಕೂಗುತ್ತಿದ್ದಳು. "ಹೊರಡಲಿದೆ" ಎನ್ನುವಾಗ ಕೊನೆ ಎತ್ತುವ ಕಡೆ ದನಿ ಒಂದು ಕೂದಲೆಳೆಯಷ್ಟು ಸೀಳಿತು. ಬೇರೆ ಯಾರಿಗೂ ಗೊತ್ತಾಗದು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ.

ಮರುದಿನ ಡಾಕ್ಟರು ಕಾಗದ ನೋಡಿ ಹೇಳಿದರು. "ಸೂಜಿ ಪರೀಕ್ಷೇಲಿ ಅನುಮಾನ ಅಂತ ಬಂದಿದೆ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನೋದು ತೆಗೆದು ಪರೀಕ್ಷೆ ಮಾಡಿದ ಮೇಲೇ ಖಚಿತ ಆಗೋದು. ಗಂಟಿರೋ ಎಡ ಭಾಗ ತೆಗೀಬೇಕು. ನಿಧಾನಕ್ಕೆ ಬೆಳೆಯೋ ಹಾಗೆ ಕಾಣ್ತಿದೆ, ಒಂದೂವರೆ ತಿಂಗಳಾದ ಮೇಲೆ ತಾರೀಕು ಕೊಡ್ತೀನಿ."

"ನಿಧಾನಕ್ಕೆ ಅಲ್ಲ" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿ ಹೇಳಿದೆ. ಡಾಕ್ಟರು ಕನ್ನಡಕ ಸರಿ ಮಾಡಿಕೊಂಡು ಪುಟವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಐದು ತಿಂಗಳಲ್ಲಿ ಮುಕ್ಕಾಲು ಇಂಚು. ಇದು ಸರಿಯಾದ ಅಳತೇನಾ?"

"ಮೂವತ್ತೆಂಟು ವರ್ಷದಿಂದ ಅಳೀತಿದೀನಿ ಡಾಕ್ಟ್ರೇ."

"ಹಾಗಾದ್ರೆ ಕಾಯೋದು ಬೇಡ. ಬರೋ ಗುರುವಾರ ಮಾಡೋಣ." ಆಮೇಲೆ ಪೆನ್ನಿನ ತುದಿಯಿಂದ ತೋರಿಸಿ ಕೇಳಿದರು. "ಈ ಚುಕ್ಕೆಗಳು ಏನು?"

ನಾನು ಉತ್ತರ ಹುಡುಕುವ ಮೊದಲೇ ನನ್ನ ಹೆಂಡತಿ ಪುಟದ ಮೇಲೆ ಬಗ್ಗಿದ್ದಳು. ಆ ಗುರುತು ಓದಲು ಬರುವವರು ಈಗ ಲೋಕದಲ್ಲಿ ಇಬ್ಬರೇ. ಅವಳು ಮೇಲಿನಿಂದ ಕೆಳಗಿನ ತನಕ ಚುಕ್ಕೆಗಳ ಮೇಲೆ ಬೆರಳು ಎಳೆದಳು. ಮುಖ ಎತ್ತಲಿಲ್ಲ.

"ಅದು ಟೈಲರ್‌ಗಳ ಗುರುತು ಡಾಕ್ಟ್ರೇ. ನಿಮಗೆ ಬೇಕಾಗಲ್ಲ" ಎಂದಳು.

ನನ್ನ ಮಾನ ಕಾದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಡಾಕ್ಟರು ಮುಂದುವರಿಸಿದರು. ದನಿಪೆಟ್ಟಿಗೆಗೆ ಹೋಗುವ ನರ ಗ್ರಂಥಿಯ ಹಿಂದೆಯೇ ಹಾದು ಹೋಗುತ್ತದಂತೆ. ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಎಷ್ಟು ದಪ್ಪ ಇರುತ್ತದೆ ಎಂದು ಕೇಳಿದೆ. "ನೀವು ಗುಂಡಿ ಹೊಲಿಯೋ ದಾರ ಎರಡು ಮೂರು ಎಳೆ ಸೇರಿಸಿದ್ರೆ ಎಷ್ಟಿರುತ್ತೋ ಅಷ್ಟು" ಎಂದರು. ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ಮೈಕಲ್ಲಿ ಮಾತಾಡೋಕೆ ಆಗುತ್ತಾ?" ಕಾಪಾಡಲು ಪೂರ್ತಿ ಪ್ರಯತ್ನ ಮಾಡುತ್ತೇವೆ, ಮಾತು ಕೊಡುವುದಿಲ್ಲ ಎಂದರು ಡಾಕ್ಟರು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಸ್ವರತಂತುಗಳನ್ನು ನೋಡಿದರು. ಒಪ್ಪಿಗೆಯ ಕಾಗದಕ್ಕೆ ಅವಳು ಅಲ್ಲೇ ಸಹಿ ಹಾಕಿದಳು. ದಾರಿಯುದ್ದಕ್ಕೂ, ಮನೆಯಲ್ಲೂ, ಗುರುವಾರದ ತನಕ ಚುಕ್ಕೆಯ ಮಾತೇ ಎತ್ತಲಿಲ್ಲ. ಮಗಳಿಗೂ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಗಾಲಿ ಮಂಚದ ಮೇಲೆ ಅವಳನ್ನು ಮಲಗಿಸಿದ್ದರು. ಹಸಿರು ಗೌನಿನ ಹೊಲಿಗೆ ಕೆಟ್ಟದಾಗಿತ್ತು, ಕಟ್ಟುವ ಲಾಡಿ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಅದನ್ನು ಸರಿಯಾಗಿ ಕಟ್ಟಲು ಹೋದೆ. ಅವಳು ನನ್ನ ಕೈ ಸರಿಸಿ ಕೇಳಿದಳು.

"ಅಂಗಡಿಗೆ ಬೀಗ ಹಾಕಿದ್ರಾ?"

"ಹಾಕಿದೆ."

ಮಂಚ ಉರುಳಿಕೊಂಡು ಬಾಗಿಲ ಒಳಗೆ ಹೋಯಿತು. ಆ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು. ಗೊತ್ತಿದ್ದರೆ ಬೀಗದ ಬಗ್ಗೆ ಇನ್ನೊಂದಿಷ್ಟು ಮಾತಾಡಿಸುತ್ತಿದ್ದೆ.

ಎರಡು ಗಂಟೆಯ ಕೆಲಸ ಎಂದದ್ದು ಮೂರೂವರೆ ಗಂಟೆ ಹಿಡಿಯಿತು. ಬೆಂಚಿನ ಮೇಲೆ ಮಗಳು ಒಂದು ತುದಿ, ನಾನು ಒಂದು ತುದಿ. ಜೇಬಿನಲ್ಲಿದ್ದ ಟೇಪನ್ನು ಸುತ್ತುವುದು, ಬಿಚ್ಚುವುದು. ಕೊನೆಗೆ ತಡೆಯಲಾಗದೆ ಮಗಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ತಿರುಗಿ ಬಂದು ಕೂತಾಗಲೂ ನಡುವೆ ಅಷ್ಟೇ ಜಾಗ ಬಿಟ್ಟಳು. ಅದು ನ್ಯಾಯವೇ.

ಡಾಕ್ಟರು ಹೊರಗೆ ಬಂದು ಟೋಪಿ ತೆಗೆದರು. "ಗಂಟು ಪೂರ್ತಿ ಬಂದಿದೆ. ಆದರೆ ಅದು ಹಿಂದಕ್ಕೆ ಬೆಳೆದು ನರಕ್ಕೆ ಅಂಟ್ಕೊಂಡಿತ್ತು. ಕತ್ತರಿಸಿಲ್ಲ, ಬಿಡಿಸಿದ್ದೀವಿ. ಬಿಡಿಸುವಾಗ ಎಳೆದಿದೆ. ದನಿ ಬರೋಕೆ ವಾರವಾಗಬಹುದು, ಆರು ತಿಂಗಳಾಗಬಹುದು. ಮೊದಲಿನ ಹಾಗೆ ಬರದೇನೂ ಇರಬಹುದು."

ಮಗಳು ನರ್ಸಿನ ಹಿಂದೆ ಹೋದಳು. ನಾನು ಡಾಕ್ಟರ ಹಿಂದೆ ಹೋದೆ.

"ಮೊದಲನೇ ಚುಕ್ಕೆ ಇಟ್ಟಾಗಲೇ ಕರ್ಕೊಂಡು ಬಂದಿದ್ರೆ?"

ಚುಕ್ಕೆ ಅಂದರೆ ಏನೆಂದು ಅಷ್ಟು ಹೊತ್ತಿಗೆ ಅವರಿಗೂ ಅರ್ಥವಾಗಿತ್ತು ಎಂದು ಕಾಣುತ್ತದೆ. "ಆಗ ನರದವರೆಗೆ ಬಂದಿರ್ತಿರಲಿಲ್ಲ" ಎಂದರು. "ಸುಳ್ಳು ಹೇಳಲ್ಲ. ಆದರೆ ಪುಸ್ತಕ ತರದೇ ಇದ್ದಿದ್ರೆ ಇನ್ನೂ ಒಂದೂವರೆ ತಿಂಗಳು ಕಾಯ್ತಿದ್ವಿ. ಅದೂ ನಿಜ." ಎರಡನೆಯದನ್ನು ನನ್ನ ಸಮಾಧಾನಕ್ಕೆ ಹೇಳಿದರೇನೋ. ನನ್ನ ಕಿವಿಯಲ್ಲಿ ಉಳಿದದ್ದು ಮೊದಲನೆಯದು.

ಅವಳ ಕುತ್ತಿಗೆಯ ಬುಡದಲ್ಲಿ, ಚರ್ಮದ ಮಡಿಕೆಯ ಗುಂಟ, ಮೂರು ಇಂಚಿನ ಗೀಟು. ಪಕ್ಕದಿಂದ ಒಂದು ಸಣ್ಣ ಕೊಳವೆ ಬಾಟಲಿಗೆ ಇಳಿದಿತ್ತು. ಎಚ್ಚರವಾದಾಗ ಏನೋ ಹೇಳಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಅವಳು ಬಾಯಿ ಮುಚ್ಚಿಕೊಂಡಳು. ನಾನು ಗೋಡೆಯ ಕಡೆ ತಿರುಗಿ ಅತ್ತೆ. ಅರವತ್ತರ ಗಂಡಸು ಆಸ್ಪತ್ರೆಯ ಗೋಡೆಗೆ ಮುಖ ಹಾಕಿ ಅತ್ತರೆ ಯಾರೂ ನೋಡುವುದಿಲ್ಲ, ಅಲ್ಲಿ ಅದು ದಿನಾ ನಡೆಯುತ್ತದೆ.

ಹತ್ತನೇ ದಿನ ವರದಿ ಬಂತು. ಕ್ಯಾನ್ಸರೇ. ಆದರೆ ಗಂಟಿನ ಸುತ್ತ ಇರುವ ಚೀಲವನ್ನು ದಾಟಿರಲಿಲ್ಲ. ಸದ್ಯಕ್ಕೆ ಮತ್ತೇನೂ ಬೇಡ, ಆರು ತಿಂಗಳಿಗೊಮ್ಮೆ ತೋರಿಸಿ ಎಂದರು. ಜೀವ ಉಳಿಯಿತು. ಮಗಳು ಅಮ್ಮನನ್ನು ತಬ್ಬಿಕೊಂಡಳು, ಕೂಸನ್ನು ಅವಳ ಮಡಿಲಿಗೆ ಹಾಕಿದಳು. ಅಜ್ಜಿ ಮಾತಾಡಿಸದಿದ್ದಕ್ಕೆ ಅದು ಅವಳ ತುಟಿಗೆ ಬೆರಳು ಹಾಕಿ ಎಳೆಯಿತು.

ಮನೆಯಲ್ಲಿ ಅವಳಿಗೆ ಒಂದು ನೋಟುಪುಸ್ತಕ ತಂದುಕೊಟ್ಟೆ. ಹಾಲು ಬಂತಾ, ಗ್ಯಾಸ್ ಆರಿಸಿ, ಮಾತ್ರೆ ಕೊಡಿ, ಇಷ್ಟೇ ಬರೆಯುತ್ತಿದ್ದಳು. ನೀರು ಕುಡಿದರೆ ಕೆಮ್ಮು ಬರುತ್ತಿತ್ತು. ನರ ಸುಧಾರಿಸುವ ತನಕ ಹಾಗೇ, ಗಲ್ಲ ಕೆಳಗೆ ಮಾಡಿ ಗುಟುಕು ಗುಟುಕಾಗಿ ಕುಡಿಯಬೇಕು ಎಂದಿದ್ದರು. ಅಂಗಡಿಯಲ್ಲಿ ನನಗೆ ಹೊತ್ತು ತಿಳಿಯುತ್ತಿರಲಿಲ್ಲ. ನಿಲ್ದಾಣದಲ್ಲಿ ಯಾರದೋ ರೆಕಾರ್ಡ್ ಮಾಡಿಟ್ಟ ದನಿ ಹಾಕಿದ್ದರು. ಬಸ್ಸು ಹೋದ ಮೇಲೂ ಅದು "ಹೊರಡಲಿದೆ" ಅನ್ನುತ್ತಿತ್ತು. ಒಂದು ಮಧ್ಯಾಹ್ನ ರೇಗಿ ರಸ್ತೆಗಿಳಿದು "ಹೋಯ್ತು ಕಣೋ, ಆಗಲೇ ಹೋಯ್ತು" ಎಂದು ಮೈಕಿಗೆ ಬೈದೆ. ಬೇಕರಿಯವರು ಒಳಗೆ ಕರೆದು ಕೂರಿಸಿದರು.

ಒಂದು ದಿನ ಊಟದ ತಟ್ಟೆಯ ಪಕ್ಕದಲ್ಲಿ ನೋಟುಪುಸ್ತಕ ತೆರೆದಿಟ್ಟಿದ್ದಳು. ಅದರಲ್ಲಿ ಒಂದೇ ಸಾಲು.

"ಮಾವ ಇದ್ದಿದ್ರೆ ಕೆಮ್ಮಿರೋರು. ನನಗೆ ಗೊತ್ತಾಗಿರೋದು."

ತಟ್ಟೆಯ ಮುಂದೆ ಕೂತು ಆ ಸಾಲನ್ನು ಎಷ್ಟು ಸಲ ಓದಿದೆನೋ. ಗಿರಾಕಿಗೆ ತಿಳಿಯದಿರಲಿ ಎಂದು ಅಪ್ಪ ಮಾಡಿದ ಪದ್ಧತಿ ಅದು. ಆದರೆ ಕೆಮ್ಮಿದರೆ ಒಬ್ಬರ ಕಿವಿಗಾದರೂ ಬೀಳುತ್ತಿತ್ತು. ನಾನು ಕೆಮ್ಮನ್ನೂ ನುಂಗಿ ಬರೀ ಚುಕ್ಕೆ ಇಟ್ಟಿದ್ದೆ. "ತಪ್ಪಾಯ್ತು" ಎಂದೆ. "ಹೆದರಿದ್ದೆ. ತಪ್ಪಾಯ್ತು." ಅವಳು ತಟ್ಟೆ ನನ್ನ ಕಡೆ ಸರಿಸಿ, ಉಣ್ಣಿ ಎಂದು ಕೈ ಮಾಡಿದಳು. ಕ್ಷಮಿಸಿದ್ದೋ, ಅನ್ನ ಆರುತ್ತದೆ ಎಂದದ್ದೋ, ಕೇಳುವ ಧೈರ್ಯ ಬರಲಿಲ್ಲ.

ನಾಲ್ಕನೇ ತಿಂಗಳಿಗೆ ದನಿ ಬಂತು. ಮೊದಲಿನದಲ್ಲ. ಒರಟು, ನಡುವೆ ಸೀಳುವುದು, ಉದ್ದದ ಮಾತಿಗೆ ಉಸಿರು ಸಾಲದು. ಕೊನೆ ಎತ್ತಲು ಹೋದರೆ ಕೆಮ್ಮು. ನಿಲ್ದಾಣದ ಮೇಲಧಿಕಾರಿ ವಿಚಾರಣೆ ಕೌಂಟರಿಗೆ ಹಾಕುತ್ತೇನೆ ಎಂದರಂತೆ. ಇವಳು ಬೇಡ ಎಂದಳಂತೆ. ಸೋಮವಾರದಿಂದ ಮೈಕಿನ ಮುಂದೆಯೇ ಕೂರುವುದು, ಜನಕ್ಕೆ ಕೇಳಿಸದಿದ್ದರೆ ಆಮೇಲೆ ಕೌಂಟರು, ಎಂದು ಅವಳೇ ತೀರ್ಮಾನ ಮಾಡಿಕೊಂಡು ಬಂದಳು.

ಶುಕ್ರವಾರ ಹೊಸ ಸಮವಸ್ತ್ರದ ಬಟ್ಟೆ ಹಿಡಿದು ಅಂಗಡಿಗೆ ಬಂದಳು. ನಾನು ಕೊರಳಿನಿಂದ ಟೇಪು ತೆಗೆದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನೀವು ಬರೀರಿ. ನಾನು ಕೂಗ್ತೀನಿ."

ಪುಸ್ತಕ ತೆರೆದು "ಮನೆ" ಪುಟ ಹುಡುಕಿದೆ. ಕನ್ನಡಿಯ ಮುಂದೆ ನಿಂತು ಅವಳು ತನ್ನ ಭುಜ ಅಳೆದು ಕೂಗಿದಳು, ತೋಳು ಅಳೆದು ಕೂಗಿದಳು. ಮಧ್ಯೆ ಮಧ್ಯೆ ನಿಂತು ಉಸಿರು ತೆಗೆದುಕೊಂಡಳು. ಆಮೇಲೆ ಟೇಪನ್ನು ಕುತ್ತಿಗೆಗೆ ಸುತ್ತಿ, ಗೀಟಿನ ಮೇಲೆಯೇ ತುದಿ ಕೂಡಿಸಿ ಹಿಡಿದಳು.

"ಕುತ್ತಿಗೆ, ಹದಿಮೂರು" ಎಂದಳು. ಎಂದವಳೇ ಸಣ್ಣಗೆ ಒಮ್ಮೆ ಕೆಮ್ಮಿದಳು.

ಪೆನ್ಸಿಲ್ ಅಂಕಿ ಬರೆದು ತಾನಾಗೇ ಪಕ್ಕಕ್ಕೆ ಸರಿಯಿತು. ಅಲ್ಲೇ ನಿಲ್ಲಿಸಿದೆ. ತಲೆ ಎತ್ತಿದರೆ ಕನ್ನಡಿಯೊಳಗಿಂದ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಅದು ಬರೀ ಕೆಮ್ಮು" ಎಂದಳು. "ಚುಕ್ಕೆ ಇಡಬೇಡಿ. ಕಾಲರ್ ಕೆಳಗೆ ಇಳಿಸಿ, ಗೀಟು ಕಾಣ್ಲಿ."